ಕೊನೆಯ ನಲ್ಲಿಯ ನೀರನ್ನೂ ಅಳೆಯಿರಿ: ನೀರು ಸರಬರಾಜು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಿಮ್ಮ ಮೇಜಿಗೆ ಬರುವ ವರದಿಯಲ್ಲಿ 'ನೀರು ಕುಡಿಯಲು ಯೋಗ್ಯ' ಅಂತ ಒಂದು ಸಾಲು ಇರುತ್ತದಲ್ಲ, ಆ ಸಾಲಿಗಾಗಿ ಬಾಟಲಿ ಹಿಡಿದು ಓಡಾಡುವವರಲ್ಲಿ ನಾನೂ ಒಬ್ಬ. ಅದನ್ನು ಎಷ್ಟು ನಂಬಬಹುದು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದಕ್ಕೇ ಈ ಪತ್ರ.

ಒಂದು ದಿನದ ಮಾತು. ಶುದ್ಧೀಕರಣ ಘಟಕದ ಒಳಗಿನ ನಲ್ಲಿಯಿಂದ ಪುಟ್ಟ ಗಾಜಿನ ಕೊಳವೆಗೆ ನೀರು ಹಿಡಿದೆ. ಕ್ಲೋರಿನ್ ಇದೆಯಾ ಅಂತ ತೋರಿಸುವ ಡಿಪಿಡಿ ಮಾತ್ರೆ ಹಾಕಿ ಅಲ್ಲಾಡಿಸಿದೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅಂದರೆ ಕ್ರಿಮಿ ಕೊಲ್ಲುವ ಕ್ಲೋರಿನ್ ಇದೆ. ಆಮೇಲೆ ಅದೇ ಪೈಪಿನ ಕೊನೆಯ ಮನೆಗೆ ಹೋಗಿ ಅಲ್ಲಿಯೂ ನೀರು ಹಿಡಿದೆ. ಮಾತ್ರೆ ಕರಗಿತು, ಬಣ್ಣ ಬರಲಿಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಡುತ್ತಿದ್ದ ಆ ಮನೆಯಾಕೆ, "ಬಣ್ಣ ಬರದಿದ್ರೆ ಒಳ್ಳೇದಲ್ವಾ?" ಅಂತ ಕೇಳಿದರು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅವತ್ತಿನ ವರದಿಗೆ ಹೋಗಿದ್ದು ಘಟಕದ ಅಂಕಿ ಮಾತ್ರ.

ನಲ್ಲಿ ತಲುಪುವ ಹೊತ್ತಿಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ದಾರಿಯಲ್ಲಿ ಕಳೆದುಹೋಗುವುದಕ್ಕೆ ಕಾರಣಗಳಿವೆ. ಹಳೇ ಪೈಪಿನ ತುಕ್ಕು, ಒಳಗೆ ಕೂತ ಕೆಸರು ಅದನ್ನು ತಿಂದುಹಾಕುತ್ತವೆ. ನೀರು ಬಿಟ್ಟು ಬಿಟ್ಟು ಬರುವ ಕಡೆ ಇನ್ನೂ ಕಷ್ಟ. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ಆಗ ಸಡಿಲವಾದ ಜಾಯಿಂಟುಗಳ ಮೂಲಕ ಪಕ್ಕದ ಚರಂಡಿಯ ಗಲೀಜನ್ನು ಒಳಗೆ ಎಳೆದುಕೊಳ್ಳುತ್ತದೆ. ಘಟಕದಲ್ಲಿ ಎಷ್ಟೇ ಚೊಕ್ಕ ಮಾಡಿ ಕಳಿಸಿದರೂ ಮನೆಗೆ ಬರುವುದು ಬೇರೆಯದೇ ನೀರು.

ಕೆನಡಾದ ವಾಕರ್‌ಟನ್ ಎಂಬ ಊರಿನ ಕಥೆ ನಿಮ್ಮ ಅಧಿಕಾರಿಗಳಿಗೆ ಗೊತ್ತಿರಬೇಕು. ಸುಮಾರು 5,000 ಜನರ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಯಾಗಿ, ದನದ ಸಗಣಿಯಲ್ಲಿದ್ದ ಇ. ಕೋಲಿ ಕ್ರಿಮಿ ಊರಿಗೆ ನೀರು ಕೊಡುವ ಬಾವಿಗೆ ಇಳಿಯಿತು. ಕ್ಲೋರಿನ್ ಸಾಲದಾಯಿತು. ಅಲ್ಲಿನ ಸಿಬ್ಬಂದಿ ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುವುದನ್ನು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದರು. ನೀರು ಕೆಟ್ಟಿದೆ ಅಂತ ಪ್ರಯೋಗಾಲಯ ಕಂಡುಹಿಡಿದು ತಿಳಿಸಿತು. ಆದರೆ ತಿಳಿಸಿದ್ದು ನೀರು ಕೊಡುವವರಿಗೆ ಮಾತ್ರ, ಆರೋಗ್ಯ ಇಲಾಖೆಗೆ ಅಲ್ಲ. ನೀರು ಕೊಡುವವರು ಅದನ್ನು ಮುಚ್ಚಿಟ್ಟರು. ಜನ ಅದೇ ನೀರು ಕುಡಿಯುತ್ತಾ ಇದ್ದರು. 7 ಜನ ಸತ್ತರು, 2,300ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಪರೀಕ್ಷೆ ನಡೆದಿತ್ತು ಸ್ವಾಮಿ, ಫಲಿತಾಂಶವೂ ಬಂದಿತ್ತು!

ಕೆರೆ, ನದಿಗಳ ಅಳತೆಯಲ್ಲೂ ಇದೇ ಪಾಡು. ಚರಂಡಿ ನೀರು, ಗೊಬ್ಬರ ಸೇರಿ ಪಾಚಿ ಕಟ್ಟಿದ ಕೆರೆಗೆ ಮಧ್ಯಾಹ್ನ ಹೋಗಿ ಅಳೆದರೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಲ್ಲಿ ಪಾಚಿಯೇ ಅದನ್ನು ತಯಾರಿಸುತ್ತಿರುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಮಟ್ಟ ಪಾತಾಳಕ್ಕೆ ಇಳಿದಿರುತ್ತದೆ. ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬಂದು ಸಾಯುವುದು ಆ ಹೊತ್ತಿನಲ್ಲಿ. ನಮ್ಮ ಮೀಟರ್ ಕೆರೆಗೆ ಹೋಗುವುದು ಆಫೀಸಿನ ಸಮಯದಲ್ಲಿ.

ಪಾಚಿ ಅಂದರೆ ಸುಮ್ನೆ ಹಸಿರು ಬಣ್ಣ ಅಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರಕ್ಕೆ ನೀರು ಕೊಡುವ ಈರಿ ಸರೋವರದಲ್ಲಿ ಪಾಚಿಯ ವಿಷ ಬಂದಾಗ, ಲಕ್ಷಾಂತರ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ ಎಂದರು. ಕುದಿಸಿದರೆ ಆ ವಿಷ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ವಿಷದ ಪ್ರಮಾಣ ಇನ್ನೂ ಹೆಚ್ಚುತ್ತದೆ. ನೈಟ್ರೇಟ್, ಆರ್ಸೆನಿಕ್ ಕೂಡ ಹಾಗೆಯೇ, ಕ್ಲೋರಿನ್ ಹಾಕಿದರೂ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಚರಂಡಿಯ ಬಾಯಿ ಕೆರೆಗೆ ತೆರೆಯದಂತೆ ತಡೆಯುವುದೇ ಮೊದಲ ಕೆಲಸ. ಅದಕ್ಕೆ ಹಣ ಕೊಡಿ. ಒಮ್ಮೆ ನೀರಿಗೆ ಸೇರಿದ್ದನ್ನು ಹೊರಗೆ ತೆಗೆಯುವುದು ಎಷ್ಟು ಕಷ್ಟ ಅಂತ ದಿನವೂ ನೋಡುತ್ತಿದ್ದೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರತಿ ಲೈನಿನ ಕೊನೆಯ ನಲ್ಲಿಯಲ್ಲೂ ಸ್ಯಾಂಪಲ್ ತೆಗೆಯಬೇಕೆಂದು ಆದೇಶ ಮಾಡಿ. ಕೆರೆಗಳಿಗೆ ಸೂರ್ಯ ಹುಟ್ಟುವ ಮೊದಲು ಜನ ಹೋಗಲಿ, ಮೊದಲ ಜೋರು ಮಳೆಯ ಮರುದಿನವೂ ಹೋಗಲಿ. ನೀರು ಕೊಡುವವರೇ ನೀರಿಗೆ ಪಾಸು ಅಂತ ಬರೆದುಕೊಳ್ಳುವುದು ನಿಲ್ಲಲಿ. ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೆಟ್ಟ ಫಲಿತಾಂಶ ಬಂದರೆ ಪ್ರಯೋಗಾಲಯ ಅದನ್ನು ಅದೇ ಗಂಟೆಯಲ್ಲಿ ಆರೋಗ್ಯ ಇಲಾಖೆಗೂ, ಆ ನೀರು ಕುಡಿಯುವ ಜನರಿಗೂ ನೇರವಾಗಿ ತಿಳಿಸಬೇಕು. ಇ. ಕೋಲಿ ಪರೀಕ್ಷೆಗೆ ಹೇಗೂ ಸುಮಾರು ಒಂದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಜನ ಆ ನೀರು ಕುಡಿದಾಗಿರುತ್ತದೆ. ಅದರ ಮೇಲೆ ಫೈಲು ಇನ್ನೂ ಮೂರು ಮೇಜು ದಾಟುವವರೆಗೆ ಕಾಯುವುದು ಯಾವ ನ್ಯಾಯ?

ಆದೇಶಕ್ಕೆ ಸಹಿ ಹಾಕುವ ಮೊದಲು ಒಂದು ಬೆಳಿಗ್ಗೆ, ಮುಂಚೆ ಯಾರಿಗೂ ತಿಳಿಸದೆ, ಯಾವುದಾದರೂ ರಸ್ತೆಯ ಕೊನೆಯ ಮನೆಗೆ ಹೋಗಿ. ಕೊಳವೆಗೆ ನೀರು ಹಿಡಿದು, ಮಾತ್ರೆ ಹಾಕಿ, ಬಣ್ಣ ಬರುತ್ತದಾ ನೀವೇ ನೋಡಿ.

ಇಂತಿ,
ನೀರಿನ ಸ್ಯಾಂಪಲ್ ತೆಗೆಯುವ ಒಬ್ಬ ಕೆಲಸಗಾರ