ಹೆಜ್ಜಾರ್ಲೆ ಅನ್ನೋ ಹೆಸರು ಇರೋವಾಗ ಪೆಲಿಕನ್ ಯಾಕೆ ಸಾರ್?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್‌ನಲ್ಲಿ ಪಕ್ಷಿ ವೀಕ್ಷಣೆ ಅಂತ ಒಂದು ಪೂರ್ತಿ ಪುಟ ಬಂದಿತ್ತು, ಫೋಟೋಗಳೆಲ್ಲ ಚೆನ್ನಾಗಿದ್ವು, ಅದಕ್ಕೆ ಮೊದ್ಲು ಥ್ಯಾಂಕ್ಸ್. ಆದ್ರೆ ಓದ್ತಾ ಓದ್ತಾ ನಂಗೆ ಸ್ವಲ್ಪ ಬೇಜಾರಾಯ್ತು. ಬೈನಾಕ್ಯುಲರ್ ಬೇಕು, ಉದ್ದ ಲೆನ್ಸ್ ಇರೋ ಕ್ಯಾಮೆರಾ ಬೇಕು, ಮಣ್ಣಿನ ಬಣ್ಣದ ಪ್ಯಾಂಟು ಟೋಪಿ ಬೇಕು, ಆಮೇಲೆ ಗಾಡಿ ಮಾಡ್ಕೊಂಡು ರಂಗನತಿಟ್ಟಿಗೋ ದಾಂಡೇಲಿಗೋ ಹೋಗ್ಬೇಕು ಅನ್ನೋ ಥರ ಇತ್ತು. ನಾನು ಮದ್ದೂರು ತಾಲೂಕಿನ ಒಂದು ಹಳ್ಳಿ ಡೈರೀಲಿ ಹಾಲು ಅಳೆಯೋನು. ಬೆಳಿಗ್ಗೆ ಐದೂವರೆಗೆ ಬಾಗ್ಲು ತೆಗೆದ್ರೆ ಜನ ಕ್ಯಾನು ಹಿಡ್ಕೊಂಡು ಬರ್ತಾರೆ, ಅಳೆದು, ಫ್ಯಾಟ್ ನೋಡಿ, ಬರ್ಕೊಂಡು ಮುಗಿಸಿದ್ಮೇಲೆ ಹಾಲಿನ ವ್ಯಾನ್ ಬರೋ ತನಕ ಮುಕ್ಕಾಲು ಗಂಟೆ ಸುಮ್ನೆ ಕೂತಿರ್ಬೇಕು. ಮೊದ್ಲು ಮೊಬೈಲ್ ನೋಡ್ತಿದ್ದೆ, ಈಗ ನಾಲ್ಕು ವರ್ಷದಿಂದ ಹಕ್ಕಿ ನೋಡ್ತೀನಿ. ಖರ್ಚು ಒಂದು ರೂಪಾಯಿ ಇಲ್ಲ.

ಡೈರಿ ಹಿಂದೆ ಗದ್ದೆ ಬಯಲು, ನಾಲೆ ನೀರು ಬಿಟ್ಟಾಗ ಉಳುಮೆ ಶುರುವಾದ್ರೆ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಸಾಲು, ಮದುವೆ ದಿಬ್ಬಣದ ಥರ. ಹಸು ಬೆನ್ನ ಮೇಲೆ ಕಾಜಾಣ ಸವಾರಿ ಮಾಡ್ತಿರ್ತದೆ, ಹಸು ಹುಲ್ಲು ಮೇಯ್ತಾ ಕಾಲು ಹಾಕಿದ್ರೆ ಹುಳ ಹಾರ್ತವಲ್ಲ, ಅದನ್ನ ಗಾಳೀಲೇ ಹಿಡಿದು ಮತ್ತೆ ಬಂದು ಅದೇ ಬೆನ್ನ ಮೇಲೆ ಕೂರ್ತದೆ, ಟಿಕೆಟ್ ಇಲ್ದೆ ಬಸ್ಸು. ಈ ಪುಟ್ಟ ಹಕ್ಕಿ ತನ್ನ ಗೂಡಿನ ಹತ್ರ ಬಂದ ಕಾಗೇನ, ಹದ್ದನ್ನೂ ಕೂಡ ಅಟ್ಟಿಸ್ಕೊಂಡು ಹೋಗಿ ಬೆನ್ನಿಗೆ ಕುಟುಕ್ತದೆ, ನಾನೇ ಎಷ್ಟು ಸಲ ನೋಡಿದೀನಿ.

ಈಗ ನನ್ನ ತಕರಾರಿಗೆ ಬರ್ತೀನಿ. ಆ ಪುಟದಲ್ಲಿ ಹೆಸರುಗಳೆಲ್ಲ ಇಂಗ್ಲಿಷು! ಪೇಂಟೆಡ್ ಸ್ಟಾರ್ಕ್, ಪೆಲಿಕನ್, ಮ್ಯಾಗ್‌ಪೈ ರಾಬಿನ್, ವ್ಯಾಗ್‌ಟೇಲ್. ಕನ್ನಡ ಪೇಪರ್ ಅಲ್ವಾ ಸಾರ್ ನಿಮ್ದು? ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಮಡಿವಾಳ, ಕುಂಡೆಕುಸ್ಕ ಅಂತ ಬರೆದ್ರೆ ಏನು ಕಮ್ಮಿ ಆಗ್ತದೆ. ಕುಂಡೆಕುಸ್ಕ ಅಂದ್ರೆ ಹುಡುಗ್ರು ಬಿದ್ದು ಬಿದ್ದು ನಗ್ತಾರೆ, ಆದ್ರೆ ಒಂದ್ಸಲ ಹೇಳಿದ್ರೆ ಸಾಕು, ಚಳಿಗಾಲದಲ್ಲಿ ನಾಲೆ ಏರಿ ಮೇಲೆ ಬಾಲ ಕುಣಿಸ್ತಾ ಓಡಾಡೋ ಹಕ್ಕಿ ಯಾವ್ದು ಅಂತ ಇನ್ನೊಬ್ರು ಹೇಳ್ಕೊಡೋದೇ ಬೇಡ. ಏಳೆಂಟು ಒಟ್ಟಿಗೆ ಸೇರ್ಕೊಂಡು ಬೇಲಿ ಕೆಳಗೆ ಕಚಪಚ ಅನ್ನೋದಕ್ಕೆ ಹರಟೆಮಲ್ಲ. ಇನ್ನು ಹಾಲಕ್ಕಿ ಗೊತ್ತಿಲ್ಲದೋರು ಯಾರು, ಬುಡಬುಡಿಕೆಯೋನು ಬಂದು "ಹಾಲಕ್ಕಿ ನುಡೀತದೆ" ಅಂತ ಶುರು ಮಾಡಿದ್ರೆ ನಮ್ಮವ್ವ ಈಗ್ಲೂ ಮೊರದ ತುಂಬ ಅಕ್ಕಿ ತರ್ತಾಳೆ, ಆ ಹಾಲಕ್ಕಿ ಅನ್ನೋ ಸಣ್ಣ ಗೂಬೆ ನಮ್ಮ ಡೈರಿ ಪಕ್ಕದ ಹಳೇ ಮಾವಿನ ಪೊಟರೇಲಿ ಗಂಡಹೆಂಡ್ತಿ ಸಂಸಾರ ಮಾಡ್ಕೊಂಡಿದೆ ಅಂತ ನಾಲ್ಕು ವರ್ಷದ ಹಿಂದೆ ನಂಗೂ ಗೊತ್ತಿರ್ಲಿಲ್ಲ.

ನನ್ನ ಅಳಿಯ (ಅಕ್ಕನ ಮಗ) ಮೊಬೈಲ್‌ಗೆ ಮರ್ಲಿನ್ ಅಂತ ಒಂದು ಆಪ್ ಹಾಕ್ಕೊಟ್ಟ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯೋರ್ದಂತೆ, ಫ್ರೀ. ಹಕ್ಕಿ ಕೂಗ್ತಿರೋವಾಗ ಆನ್ ಮಾಡಿದ್ರೆ ಯಾವ್ದು ಅಂತ ಹೇಳ್ತದೆ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಅದು ಕೊಟ್ಟ ಇಂಗ್ಲಿಷ್ ಹೆಸರನ್ನ ನಮ್ಮೂರ ಹಿರಿಯರ ಹತ್ರ ಹೇಳಿದ್ರೆ ಮಾತು ಅಲ್ಲಿಗೇ ನಿಂತೋಯ್ತು, ಗೀಜಗ ಅಂದ್ರೆ ಮಾತ್ರ ಅರ್ಧ ಗಂಟೆ ಕಥೆ ಬರ್ತದೆ.

ಆ ಅಕ್ಕನ್ನ ಕೊಟ್ಟಿರೋದು ಕೊಕ್ಕರೆ ಬೆಳ್ಳೂರಿನ ಪಕ್ಕದ ಊರಿಗೆ. ಅಲ್ಲಿ ನೋಡ್ಬೇಕು ನೀವು, ಅಭಯಾರಣ್ಯ, ಗೇಟು, ಬೋಟು ಏನಿಲ್ಲ, ಊರೊಳಗೆ ಮನೆ ಹೆಂಚಿನ ಮೇಲೆ ಬಾಗಿರೋ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ತವೆ. ಚಳಿಗಾಲಕ್ಕೆ ಬಂದು ಮರಿ ಮಾಡ್ಕೊಂಡು ಮಳೆ ಹಿಡಿಯೋ ಹೊತ್ತಿಗೆ ಹೊರಡ್ತವೆ. ಊರೋರು ಅವನ್ನ ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತಾರೆ. ಸುಮ್ನೆ ಮಾತಿಗಲ್ಲ, ಗೂಡಿರೋ ಮರದ ಹುಣಸೆ ಹಣ್ಣು ಬಡಿಯಲ್ಲ, ಅದು ನಷ್ಟಾನೇ ಅಲ್ವಾ, ಮರದ ಮಾಲೀಕರಿಗೆ ಫಾರೆಸ್ಟ್ ಡಿಪಾರ್ಟ್‌ಮೆಂಟಿಂದ ಸ್ವಲ್ಪ ದುಡ್ಡು ಕೊಡ್ತಾರೆ. ವಾಸನೆ ಇದ್ದೇ ಇದೆ, ಅದನ್ನ ಯಾವ ಟೂರಿಸ್ಟ್ ಪುಟದಲ್ಲೂ ಬರೆಯಲ್ಲ, ಮೊದ್ಲ ಸಲ ಹೋದೋರು ಮೂಗು ಮುಚ್ಕೊಳ್ತಾರೆ. ಊರೋರು ಅದೇ ಹಿಕ್ಕೆನ ಮರದ ಕೆಳಗೆ ಗುಂಡಿ ತೆಗೆದು ಕೂಡಿ ಹಾಕಿ ಗೊಬ್ಬರ ಮಾಡ್ಕೊಳ್ತಾರೆ. ಗೂಡಿಂದ ಬಿದ್ದ ಮರಿಗಳನ್ನ ಸಾಕೋಕೆ ಅಂತ್ಲೇ ಹೆಜ್ಜಾರ್ಲೆ ಬಳಗ ಅಂತ ಊರ ಹುಡುಗ್ರ ಗುಂಪಿದೆ. ನೋಡಿ, ಆ ಬಳಗಕ್ಕೆ ಯಾರೂ ಪೆಲಿಕನ್ ಕ್ಲಬ್ ಅಂತ ಹೆಸರಿಡ್ಲಿಲ್ಲ!

ಎಲ್ಲಾ ಸೊಗಸು ಅಂತ ಹೇಳಲ್ಲ. ನವಿಲು ಜಾಸ್ತಿಯಾಗಿ ರಾಗಿ ಪೈರು, ತೊಗರಿ ಎಲ್ಲ ಕುಕ್ಕಿ ಹಾಕ್ತವೆ ಅಂತ ಹಾಲು ಹಾಕೋಕೆ ಬರೋರು ದಿನಾ ಬೈತಾರೆ, ಅವರ ಮುಂದೆ ನವಿಲು ಎಷ್ಟು ಚೆನ್ನಾಗಿ ಕುಣೀತು ಗೊತ್ತಾ ಅಂತ ಹೇಳೋ ಧೈರ್ಯ ನಂಗಿಲ್ಲ. ಕಬ್ಬು ಕಡಿಯೋವಾಗ ಚಿರತೆ ಮರಿ ಸಿಕ್ಕಿದ್ರೆ ನಮ್ ಜಿಲ್ಲೇಲಿ ಅದು ದೊಡ್ಡ ಸುದ್ದೀನೂ ಅಲ್ಲ ಈಗ.

ನಾನು ಕೇಳೋದು ಇಷ್ಟೇ, ಜಿಲ್ಲಾ ಪುಟದಲ್ಲಿ ವಾರಕ್ಕೆ ಒಂದು ಸಣ್ಣ ಬಾಕ್ಸ್ ಕೊಡಿ, ಈ ವಾರ ಯಾವ ಊರಲ್ಲಿ ಯಾವ ಹಕ್ಕಿ ಕಾಣಿಸ್ತು, ಅಲ್ಲಿ ಅದನ್ನ ಏನಂತ ಕರೀತಾರೆ ಅಂತ. ಒಂದೇ ಹಕ್ಕಿಗೆ ಮಂಡ್ಯದಲ್ಲಿ ಒಂದು, ಶಿವಮೊಗ್ಗದಲ್ಲಿ ಇನ್ನೊಂದು, ಧಾರವಾಡದ ಕಡೆ ಮತ್ತೊಂದು ಹೆಸರು ಇರ್ತದೆ, ಎಲ್ಲಾನೂ ಹಾಕಿ, ಜಗಳ ಆದ್ರೂ ಪರ್ವಾಗಿಲ್ಲ.

ಮೊದ್ಲ ವಾರದ್ದು ನಾನೇ ಕೊಡ್ತೀನಿ. ಡೈರಿ ಎದುರು ಬಾವಿ ಮೇಲೆ ಬಾಗಿರೋ ತೆಂಗಿನ ಗರೀಲಿ ಗೀಜಗ ಗೂಡು ಹಾಕ್ತಿದೆ. ಗಂಡು ಅರ್ಧ ಕಟ್ಟಿ ನಿಲ್ಲಿಸ್ತದೆ, ಹೆಣ್ಣು ಬಂದು ಒಳಗೆ ಹೋಗಿ ನೋಡಿ ಒಪ್ಪಿದ್ರೆ ಮಾತ್ರ ಉಳಿದ ಕೊಳವೆ. ಗೂಡೊಳಗೆ ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ತವೆ ಅಂತ ನಮ್ಮಜ್ಜಿ ಹೇಳೋಳು, ಹೋದ ವರ್ಷ ಬಿದ್ದಿದ್ದ ಒಂದನ್ನ ಬಿಚ್ಚಿ ನೋಡಿದೆ, ಮಣ್ಣಿನ ಉಂಡೆ ಇತ್ತು, ಹುಳ ಇರ್ಲಿಲ್ಲ. ಈ ಸಲದ ಗಂಡು ಪಾಪ ಎರಡು ಗೂಡು ಕಟ್ಟಿ ಎರಡೂ ರಿಜೆಕ್ಟ್ ಆಗಿ ಮೂರನೇದು ಶುರು ಮಾಡಿದೆ. ಏನಾಯ್ತು ಅಂತ ಬರೀತೀನಿ, ವ್ಯಾನ್ ಬಂತು.

ಇಂತಿ,
ಒಬ್ಬ ಹಾಲು ಅಳೆಯೋನು, ಮದ್ದೂರು ತಾಲೂಕು