ಅಪ್ಪನಿಗೆ, ಮಾತ್ರೆ ಬಿಟ್ಟ ವಿಚಾರವಾಗಿ

ಫ್ರೇಮಿಂಗ್‌ಹ್ಯಾಮ್, ಮ್ಯಾಸಚೂಸೆಟ್ಸ್

ತೀರ್ಥರೂಪು ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಆರಾಮ. ಪುಟ್ಟಿಯ ಶೀತ ವಾಸಿಯಾಗಿದೆ.

ಅಮ್ಮನ ಕಾಗದ ಬಂತು. ರಿಪೋರ್ಟಿನ ಫೋಟೋ ರಘು ಕಳಿಸಿದ. ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ ಅಂತ ನೀವು ರಾತ್ರಿಯ ಮಾತ್ರೆ ಬಿಟ್ಟಿದ್ದೀರಂತೆ. ಅಪ್ಪಾ, ಅಷ್ಟಕ್ಕೆ ಇಳಿದದ್ದೇ ಆ ಮಾತ್ರೆಯಿಂದ. ತಲೆ ನೆನೆದಿಲ್ಲ ಅಂತ ಸಾಗರದ ಆಷಾಢದ ಮಳೆಯಲ್ಲಿ ಯಾರಾದರೂ ಕೊಡೆ ಮಡಚುತ್ತಾರಾ? ಬಿಟ್ಟ ಕೆಲವೇ ವಾರಕ್ಕೆ ಅದು ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ.

ಹಾಗೆ ನೋಡಿದರೆ ನಾರ್ಮಲ್ ಅನ್ನುವುದೂ ಸರಿಯಲ್ಲ. ನೀವು ಮೇಲಿನ ಸಾಲು ಮಾತ್ರ ಓದಿದ್ದೀರಿ, ಟೋಟಲ್ 176 ಅಂತ. 200ರ ಒಳಗಿದೆ ಅಂತ ಲ್ಯಾಬಿನವರು ಗುರುತು ಹಾಕಿಲ್ಲ. ಅದರ ಕೆಳಗೆ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು) 34, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 210 ಇದೆ ನೋಡಿ. 176ರಲ್ಲಿ 34 ಕಳೆಯಿರಿ, 142 ಉಳಿಯುತ್ತದೆ. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳದ ಗೋಡೆಯೊಳಗೆ ಸೇರಿಕೊಂಡು ಕಟ್ಟಿಕೊಳ್ಳುವುದು ಈ ಪಾಲಿನ ಕೊಲೆಸ್ಟ್ರಾಲೇ. ನಮ್ಮ ದೇಶದ ಹೃದಯ ತಜ್ಞರ ಸಂಘ 2024ರಲ್ಲಿ ಹೇಳಿದ ಪ್ರಕಾರ, ನಿಮ್ಮ ಹಾಗೆ ಶುಗರ್ ಇರುವವರಿಗೆ ಇದು 100ರ ಕೆಳಗಿರಬೇಕು, ಇದರೊಳಗಿನ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 70ರ ಕೆಳಗಿರಬೇಕು. ನಿಮ್ಮ ಎಲ್‌ಡಿಎಲ್ 100. ಮಾತ್ರೆ ತಗೊಳ್ಳುತ್ತಿದ್ದಾಗಲೇ ಇಷ್ಟು. ಇನ್ನು ಬಿಟ್ಟರೆ?

ನಾನಿರುವ ಊರಿನವರಿಗೆ ಇದೆಲ್ಲ ಮನೆಮಾತು. 1948ರಲ್ಲಿ ಶುರುವಾದ ಹೃದಯದ ಅಧ್ಯಯನಕ್ಕೆ ಇಲ್ಲಿನ 5,209 ಜನರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾ ಬಂದರು. ಯಾರಿಗೆ ಹೃದಯದ ಕಾಯಿಲೆ ಬರುತ್ತದೆ, ಅವರಲ್ಲಿ ಮೊದಲೇ ಏನಿತ್ತು ಅಂತ ವರ್ಷಗಟ್ಟಲೆ ಬರೆದಿಟ್ಟರು. ಬಿಪಿ, ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ ಅಪಾಯವೂ ಜಾಸ್ತಿ ಅಂತ ಜಗತ್ತಿಗೆ ಗಟ್ಟಿಯಾಗಿ ಗೊತ್ತಾದದ್ದು ಹೀಗೆ. ಆಮೇಲೆ ಮಕ್ಕಳು ಸೇರಿದರು, ಮೊಮ್ಮಕ್ಕಳೂ ಸೇರಿದರು. ಪಕ್ಕದ ಮನೆ ಅಜ್ಜಿ 1971ರಲ್ಲಿ ಶುರುವಾದ ಆ ಮಕ್ಕಳ ಗುಂಪಿನವರು. ಮೊದಲ ಸಲ ಮಾತಾಡಿದಾಗಲೇ ತಮ್ಮ ಎಲ್‌ಡಿಎಲ್ ಎಷ್ಟು ಅಂತ ಹೇಳಿದರು! ನನಗೆ ಅವರನ್ನು ಕಂಡರೆ ತುಂಬಾ ಗೌರವ. ಆದರೆ ಮೊದಲು ಸೇರಿದವರೆಲ್ಲ ಹೆಚ್ಚುಕಡಿಮೆ ಬಿಳಿಯರೇ. ಅವರನ್ನು ನೋಡಿ ಕಟ್ಟಿದ ಅಪಾಯದ ಲೆಕ್ಕ ನಮ್ಮವರ ಅಪಾಯವನ್ನು ಕಡಿಮೆ ತೋರಿಸಬಹುದು. ನಮ್ಮವರಿಗೆ ಹಾರ್ಟ್ ಅಟ್ಯಾಕ್ ಬೇಗ ಬರುತ್ತದೆ. ಚಿಕ್ಕಪ್ಪನಿಗೆ 48ಕ್ಕೇ ಬರಲಿಲ್ವಾ? ಬೀಡಿ ಇಲ್ಲ, ಬೊಜ್ಜಿಲ್ಲ, ದಿನಾ ತೋಟದಲ್ಲಿ ಓಡಾಟ.

ಅದಕ್ಕೇ ಇನ್ನೊಂದು ಪರೀಕ್ಷೆ ಮಾಡಿಸಿ. ಎಲ್‌ಪಿ-ಎ ಅಂತ, ರಕ್ತದಲ್ಲಿ ಎಲ್‌ಡಿಎಲ್ ಥರದ್ದೇ ಇನ್ನೊಂದು ಕೊಲೆಸ್ಟ್ರಾಲ್ ಕಣ. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಇರುವುದಿಲ್ಲ, ಕೇಳಿಯೇ ಮಾಡಿಸಬೇಕು. ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಸಾಕು. ಇದು ಹುಟ್ಟಿನಿಂದ ಬರುವಂಥದ್ದು, ಪಥ್ಯದಿಂದ ಇಳಿಯುವುದಿಲ್ಲ. ಮಿಲಿಗ್ರಾಂ (mg/dL) ಲೆಕ್ಕದಲ್ಲಿ 50 ದಾಟಿದರೆ ಜಾಸ್ತಿ. ನನ್ನದು 74 ಬಂದಿದೆ. ಅಮ್ಮಾ, ನೀನು ಇದನ್ನು ಓದಿ ಗಾಬರಿ ಆಗಬೇಡ. ನನಗೆ ಏನೂ ಆಗಿಲ್ಲ. ಬಿಪಿ ಸರಿಯಿದೆ, ಶುಗರ್ ಇಲ್ಲ, ದಿನಾ ನಡೆಯುತ್ತೇನೆ, ಡಾಕ್ಟರೂ ನಗುನಗುತ್ತಲೇ ಮಾತಾಡಿಸಿದರು. ಇಂಥದ್ದು ಇದ್ದವರು ಎಲ್‌ಡಿಎಲ್, ಬಿಪಿಯನ್ನು ಇನ್ನಷ್ಟು ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಅಷ್ಟೇ. ಆದರೆ ನನಗೆ ಬಂದದ್ದು ನಿಮ್ಮಿಬ್ಬರಲ್ಲಿ ಒಬ್ಬರಿಂದಲೇ ತಾನೇ? ಚಿಕ್ಕಪ್ಪನನ್ನು ನೆನೆದರೆ ನನಗೆ ಅಪ್ಪನದೇ ಯೋಚನೆ. ರಘುನೂ ಮಾಡಿಸಲಿ.

ಕಾಲು ಸೆಳೆತಕ್ಕೆ ಮಾತ್ರೆಯೇ ಕಾರಣ ಅಂತ ನಿಮಗೆ ಅನ್ನಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡಬಹುದು, ಬೇರೆ ಮಾತ್ರೆ ಕೊಡಬಹುದು. ನೀವಾಗಿ ನಿಲ್ಲಿಸಬೇಡಿ. ರಾಮಣ್ಣನ ಬೆಳ್ಳುಳ್ಳಿ ಕಷಾಯ ಬೇಕಾದರೆ ಕುಡಿಯಿರಿ, ಮಾತ್ರೆಯ ಬದಲಿಗೆ ಮಾತ್ರ ಬೇಡ. ನಾಳೆಯೇ ರಘು ಜೊತೆ ಹೋಗಿ. ಫೀಸಿನ ಯೋಚನೆ ಮಾಡಬೇಡಿ, ಅವನ ಖಾತೆಗೆ ದುಡ್ಡು ಹಾಕಿದ್ದೇನೆ.

ಪಕ್ಕದೂರು ಆ್ಯಶ್‌ಲ್ಯಾಂಡಿನ ಲಕ್ಷ್ಮಿ ದೇವಸ್ಥಾನದಲ್ಲಿ ಶುಕ್ರವಾರ ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸುತ್ತೇನೆ. ಎಲ್ಲ ಸರಿಹೋಗುತ್ತದೆ, ನಾನಿದ್ದೇನೆ. ಪುಟ್ಟಿಯ ಸ್ಕೂಲ್ ಬಸ್ ಬಂತು. ಡಾಕ್ಟರು ಏನಂದರು ಅಂತ ರಘು ಕೈಲಿ ತಕ್ಷಣ ಫೋನ್ ಮಾಡಿಸಿ.

ನಿಮ್ಮ ಮಗಳು,
ಸುಮಾ