ಬೀದಿ ಬದಿಯ ಊಟ-ತಿಂಡಿ ವ್ಯಾಪಾರಿಗಳನ್ನು ಈಗಿರುವ ಜಾಗದಲ್ಲೇ ಉಳಿಸಿಕೊಡುವಂತೆ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಮಂಗಳೂರು

ವಿಷಯ: ಬಂದರು, ಸ್ಟೇಟ್‌ಬ್ಯಾಂಕ್ ಹಾಗೂ ಹಂಪನಕಟ್ಟೆ ಪರಿಸರದ ಗೂಡಂಗಡಿ, ಕೈಗಾಡಿಗಳ ಕುರಿತು.

ಮಾನ್ಯರೇ,

ಬೀದಿ ವ್ಯಾಪಾರದ ಯೋಜನೆ ರೂಪಿಸುವಾಗ ತಿಂಡಿ ಗಾಡಿಗಳನ್ನೆಲ್ಲ ದೂರದ ಒಂದೇ ವಲಯಕ್ಕೆ ಸೇರಿಸದೆ, ಅವು ಬೇರೂರಿದ ಕಡೆಯಲ್ಲೇ ಮುಂದುವರಿಯಲು ಅವಕಾಶ ಕೊಡಬೇಕೆಂದು ಈ ಪರಿಸರದ ನಿವಾಸಿಗಳಾದ ನಾವು ಕೋರುತ್ತೇವೆ.

ದಕ್ಕೆಯಲ್ಲಿ ಮೀನು ಇಳಿಸುವವರ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಅವರಿಗೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ತುಂಡು ಮೀನು ಕೈಗೆಟುಕುವಷ್ಟು ಹತ್ತಿರದಲ್ಲೇ ಸಿಗಬೇಕು. ಗಂಜಿ ಗಾಡಿಯ ಬೆಂಚಿನಲ್ಲಿ ಹಮಾಲಿಗಳ ಪಕ್ಕ ಅಂಗಡಿಯ ಗುಮಾಸ್ತರೂ ಕಾಲೇಜಿನ ಮಕ್ಕಳೂ ಕೂರುತ್ತಾರೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಒಟ್ಟಿಗೇ ಕೇಳಿಸುತ್ತವೆ. ಪಕ್ಕದಲ್ಲಿ ಕೂತವರು ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳುವುದಿಲ್ಲ. ನಮ್ಮೂರಿನಲ್ಲಿ ಇಂಥ ಜಾಗಗಳು ಹೆಚ್ಚು ಉಳಿದಿಲ್ಲ.

ಸಂಜೆಯ ಚರುಮುರಿಯದೂ ಇದೇ ಕಥೆ. ಡಬ್ಬಕ್ಕೆ ಮಂಡಕ್ಕಿ, ನೀರುಳ್ಳಿ, ಟೊಮೆಟೊ, ಖಾರದ ಪುಡಿ ಹಾಕಿ, ತೆಂಗಿನೆಣ್ಣೆ ಬಿಟ್ಟು, ಟಕಟಕನೆ ಕಲಸಿ ಕಾಗದದ ಪೊಟ್ಟಣಕ್ಕೆ ತುಂಬಿಸುವಷ್ಟರಲ್ಲಿ ಬಸ್ ಹೊರಡುವ ಹೊತ್ತಾಗಿರುತ್ತದೆ. ಗಾಡಿ ನಿಲ್ದಾಣದಿಂದ ದೂರವಾದರೆ ಗಿರಾಕಿ ಹುಡುಕಿಕೊಂಡು ಹೋಗುವುದಿಲ್ಲ. ಕೊಡಿಯಾಲ್ ತೇರು, ಕುದ್ರೋಳಿ ದಸರಾ, ರಾತ್ರಿಯ ಬಯಲಾಟ ಎಲ್ಲಕ್ಕೂ ಕಳೆ ಕಟ್ಟುವವರಲ್ಲಿ ಈ ವ್ಯಾಪಾರಿಗಳೂ ಇದ್ದಾರೆ.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ನಡೆದ ಸಹಜ ಮಾರುಕಟ್ಟೆಗಳನ್ನು (ಕೊಳ್ಳುವವರೂ ಮಾರುವವರೂ ರೂಢಿಯಿಂದ ಸೇರುವ ಜಾಗಗಳನ್ನು) ಪಾರಂಪರಿಕವೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದು ಅದರ ಎರಡನೇ ಅನುಸೂಚಿ ಹೇಳುತ್ತದೆ. ಅಂಥ ಜಾಗಗಳನ್ನು ಹಳಬರ ಹೇಳಿಕೆ ಪಡೆದು ಗುರುತಿಸಬೇಕು. ಸಮೀಕ್ಷೆ ಕಚೇರಿಯ ವೇಳೆಯಲ್ಲಷ್ಟೇ ನಡೆದರೆ ಬೆಳಗಿನ ಜಾವ ಗಂಜಿ ಬಡಿಸುವವರೂ ಸಂಜೆ ಗಾಡಿ ಇಡುವವರೂ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ದಯವಿಟ್ಟು ಆ ಹೊತ್ತಿಗೂ ಸಿಬ್ಬಂದಿಯನ್ನು ಕಳುಹಿಸಿ. ಅದೇ ಕಾಯ್ದೆಯಂತೆ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆ ಸ್ಥಾನಗಳಲ್ಲಿ ಊಟ-ತಿಂಡಿಯವರ ದನಿಯೂ ಇರಲಿ.

ಕಾಲುದಾರಿ ನಡೆಯುವವರಿಗೆ ಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ಮನೆಗಳಲ್ಲೂ ಹಿರಿಯರಿದ್ದಾರೆ. ಗಾಡಿ ನಿಲ್ಲುವ ಜಾಗಕ್ಕೆ ಗೆರೆ ಹಾಕಿಸಿ, ನೀರಿನ ನಳ್ಳಿ, ಹಸಿ ಕಸದ ತೊಟ್ಟಿ ಒದಗಿಸಿ. ಅದಾದ ಮೇಲೂ ಗಲೀಜು ಮಾಡುವವರಿಗೆ ದಂಡ ಹಾಕಿದರೆ ನಮ್ಮ ಆಕ್ಷೇಪವಿಲ್ಲ.

ಸಮಿತಿಯ ಸದಸ್ಯರೊಂದಿಗೆ ತಾವು ಒಂದು ಸಂಜೆ ಸ್ಥಳ ಪರಿಶೀಲನೆಗೆ ಬರಬೇಕೆಂದು ವಿನಂತಿಸುತ್ತೇವೆ. ದಿನಾಂಕ ತಿಳಿಸಿದರೆ ನಾವೂ ವ್ಯಾಪಾರಿಗಳೂ ಹಾಜರಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಂದರು ಹಾಗೂ ಹಂಪನಕಟ್ಟೆ ಪರಿಸರದ ನಿವಾಸಿಗಳು